ಮುಚ್ಚಳದಡಿಯ ಬಿಳಿ ಕೆನೆ: ಶಿರಸಿಯ ಮಳೆಗಾಲದಲ್ಲಿ ಒಂದು ಕಾರಿನ ಆಯಿಲ್ ಪ್ರಕರಣ

ಜುಲೈ ತಿಂಗಳ ಜಡಿಮಳೆಯಲ್ಲಿ ಶಿರಸಿ ತಾಲ್ಲೂಕಿನ ಒಂದು ತೋಟದ ಮನೆಯ ಕಾರಿಗೆ ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು’ ಎಂಬ ಮಾತು ಬಂತು. ಅಂದಾಜು ವೆಚ್ಚ 25,000 ರೂಪಾಯಿ. ಆದರೆ ಎಂಜಿನ್ ಬಿಚ್ಚಬೇಕಾಗಿ ಬರಲಿಲ್ಲ. ಮನೆಯಲ್ಲೇ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ, ಇಳಿಸಿದ ಹಳೆಯ ಆಯಿಲನ್ನು ಒಂದೊಂದು ಹಂತದಲ್ಲೂ ನೋಡುತ್ತ ಹೋದಾಗ ಕಾರಣ ಬೇರೆಯೇ ಎಂದು ತಿಳಿಯಿತು. ಮನೆಯಲ್ಲಿ ಆಯಿಲ್ ಬದಲಾಯಿಸುವುದೆಂದರೆ ಗ್ಯಾರೇಜಿನ ಕೂಲಿ ಉಳಿಸುವುದು ಎಂದಷ್ಟೇ ತಿಳಿದವರು ಬಹಳ. ನನಗೆ ಅದರ ದೊಡ್ಡ ಲಾಭ ಬೇರೆ ಕಡೆ ಕಾಣುತ್ತದೆ: ಎಂಜಿನ್ ಒಳಗೆ ಏನು ನಡೆದಿದೆಯೆಂದು ಹೇಳುವ ಸಾಕ್ಷಿ ನಮ್ಮ ಕೈಗೆ ಬರುವುದು ಆಗ ಮಾತ್ರ. ಗ್ಯಾರೇಜಿನಲ್ಲಿ ಆ ಸಾಕ್ಷಿ ನೇರವಾಗಿ ಡ್ರಮ್ಮಿಗೆ ಹೋಗುತ್ತದೆ, ಯಾರೂ ನೋಡುವುದಿಲ್ಲ.

ಕಾರು ನನ್ನ ಭಾವನದು, ಅಂದರೆ ಅಕ್ಕನ ಗಂಡನದು. 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಚಿಕ್ಕ ಹ್ಯಾಚ್‌ಬ್ಯಾಕ್. ವಾರಂಟಿ ಮುಗಿದು ವರ್ಷಗಳಾಗಿವೆ. ಹಿಂದಿನ ಆಯಿಲ್ ಬದಲಾವಣೆ ಆಗಿ 9 ತಿಂಗಳು, ಓಡಿದ್ದು 3,400 ಕಿ.ಮೀ. ಕೈಪಿಡಿಯ ಪ್ರಕಾರ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಆದ್ದರಿಂದ ಆಯಿಲ್ ಇನ್ನೂ ಹೊಸದೇ ಎಂಬುದು ಭಾವನ ಲೆಕ್ಕ. ಮಳೆಗಾಲದಲ್ಲಿ ಆ ಕಾರಿನ ದಿನಚರಿ ಇಷ್ಟು: ಬೆಳಿಗ್ಗೆ ಡೇರಿಗೆ ಹಾಲು, ಆಮೇಲೆ ಮಗಳನ್ನು ಶಾಲೆಯ ಬಸ್ಸು ಬರುವ ರಸ್ತೆಯವರೆಗೆ ಬಿಡುವುದು, ಸಂಜೆ ಮತ್ತೆ ಕರೆತರುವುದು, ನಡುವೆ ಯಾವಾಗಲೋ ಸೊಸೈಟಿಗೋ ಬ್ಯಾಂಕಿಗೋ ಒಂದು ಸುತ್ತು. ಯಾವ ಓಟವೂ 3 ಕಿ.ಮೀ. ದಾಟುವುದಿಲ್ಲ. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಆಷಾಢದ ಬೆಳಗು ತಣ್ಣಗಿರುತ್ತದೆ, ಬಟ್ಟೆ ವಾರವಾದರೂ ಒಣಗುವುದಿಲ್ಲ. ಈ ಎರಡು ಸಂಗತಿಗಳು ಮುಂದೆ ಮುಖ್ಯವಾಗುತ್ತವೆ.

ವೈಪರಿಗೆ ನೀರು ಹಾಕಲು ಬಾನೆಟ್ ಎತ್ತಿದ ಭಾವ, ಹೇಗೂ ತೆರೆದಿದೆಯೆಂದು ಆಯಿಲ್ ಹಾಕುವ ಮುಚ್ಚಳವನ್ನೂ ತಿರುಗಿಸಿ ನೋಡಿದರು. ಮುಚ್ಚಳದ ಒಳಮೈಗೆ ಹಳದಿ ಮಿಶ್ರಿತ ಬಿಳಿ ಕೆನೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಬೆರಳಿಗೆ ಹತ್ತಿದರೆ ನೊರೆಯಾಗಿ ಎಳೆಯುತ್ತಿತ್ತು. ಪೇಟೆಯ ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿಯವರು ಮುಚ್ಚಳ ನೋಡಿದ ಕೂಡಲೇ ಆಯಿಲಿಗೆ ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಸೇರುತ್ತಿದೆ ಎಂದರು. ಆ ಅನುಮಾನಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಒಡೆದರೆ ಕೂಲಂಟ್ ಆಯಿಲಿನೊಳಗೆ ಸೇರಿ ಇಂಥದೇ ಕೆನೆ ಕಟ್ಟುತ್ತದೆ, ಹಾಗಾದ ಎಂಜಿನನ್ನು ಓಡಿಸುತ್ತ ಹೋದರೆ ಬೇರಿಂಗ್ ಸವೆದು ಹಾಳಾಗುತ್ತದೆ. ನನ್ನ ಆಕ್ಷೇಪವಿರುವುದು ಮುಚ್ಚಳವೊಂದನ್ನೇ ನೋಡಿ ತೀರ್ಮಾನಿಸಿದ್ದಕ್ಕೆ. ಮುಚ್ಚಳ ಎಂಜಿನ್ನಿನ ತುತ್ತತುದಿಯಲ್ಲಿದೆ, ಪ್ಲಾಸ್ಟಿಕ್ಕಿನದು, ಹೊರಗಿನ ಗಾಳಿಗೆ ಒಡ್ಡಿಕೊಂಡಿದೆ. ಎಂಜಿನ್ನಿನೊಳಗೆ ಎಲ್ಲಿಯ ಆವಿಯೇ ಇದ್ದರೂ ಮೊದಲು ತಣಿದು ನೀರಾಗುವುದು ಅಲ್ಲಿ. ಆಯಿಲಿನ ನಿಜಸ್ಥಿತಿ ಗೊತ್ತಾಗುವುದು ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನಲ್ಲಿ.

ಆ ಆವಿ ಬರುವುದೆಲ್ಲಿಂದ? ಪೆಟ್ರೋಲಿನಿಂದಲೇ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಸೇರಿ ಉರಿದಾಗ ನೀರಾಗುತ್ತದೆ; ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಆವಿಯಾಗಿ ಹೊರಹೋಗುತ್ತದೆ. ಸ್ವಲ್ಪ ಅನಿಲ ಮಾತ್ರ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು ಆಯಿಲ್ ಇರುವ ಜಾಗಕ್ಕೆ ಸೇರುತ್ತದೆ. ಇದು ಹೊಸ ಎಂಜಿನ್ನಿನಲ್ಲೂ ಇರುವುದೇ. ಅದನ್ನು ಮತ್ತೆ ಮೇಲಕ್ಕೆಳೆದು ಸುಡಲೆಂದು ಪಿಸಿವಿ ಎಂಬ ಚಿಕ್ಕ ವಾಲ್ವ್ ಮತ್ತು ಒಂದು ರಬ್ಬರ್ ಪೈಪ್ ಇರುತ್ತವೆ. ಆಯಿಲ್ ಚೆನ್ನಾಗಿ ಕಾದರೆ ಅದರೊಳಗಿನ ನೀರು ಆವಿಯಾಗಿ ಈ ದಾರಿಯಿಂದ ಹೊರಟುಹೋಗುತ್ತದೆ. ಕಾಯದಿದ್ದರೆ ಒಳಗೇ ಉಳಿಯುತ್ತದೆ.

ಇಲ್ಲೊಂದು ವಿಷಯವನ್ನು ಒತ್ತಿ ಹೇಳಬೇಕು. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಕೂಲಂಟಿನ ಬಿಸಿಯನ್ನು, ಆಯಿಲಿನದನ್ನಲ್ಲ. ಕೂಲಂಟ್ ಬೇಗ ಕಾಯುತ್ತದೆ. ಆಯಿಲ್ ನಿಧಾನ, ಮಳೆಗಾಲದ ತಂಪಿನಲ್ಲಿ ಪೂರ್ತಿ ಕಾಯಲು ಹದಿನೈದು ಇಪ್ಪತ್ತು ನಿಮಿಷದ ಓಟ ಬೇಕು. ಭಾವನ ಕಾರು ಆ ಹಂತವನ್ನು ಜೂನ್ ಆರಂಭದಿಂದ ಮುಟ್ಟಿಯೇ ಇರಲಿಲ್ಲ.

ಕೆಳಗಿನಿಂದ ನೋಡುತ್ತ ಬಂದದ್ದು

ಆಯಿಲ್ ಇಳಿಸುವ ಬೋಲ್ಟ್ ಮುಟ್ಟುವ ಮೊದಲು ಹೊರಗಿನಿಂದ ಕಾಣುವ ಗುರುತುಗಳನ್ನು ನೋಡಿದೆವು. ಕೂಲಂಟಿನ ಬಿಳಿ ಡಬ್ಬಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇತ್ತು. ಅಲ್ಲಿ ಮಾರ್ಕರಿನಿಂದ ಗೀಟು ಹಾಕಿ ಮಾಮೂಲಿನಂತೆ ಓಡಿಸುತ್ತ ವಾರ ಕಾದೆವು, ಮಟ್ಟ ಇಳಿಯಲಿಲ್ಲ. ಕೂಲಂಟಿನ ಮೇಲೆ ಎಣ್ಣೆಯ ಪೊರೆ ಇರಲಿಲ್ಲ, ಎಂಜಿನ್ ಓಡುವಾಗ ಡಬ್ಬಿಯಲ್ಲಿ ಗುಳ್ಳೆಗಳು ಏಳಲಿಲ್ಲ. ಮುಳ್ಳು ಎಂದಿನ ಸಮಯಕ್ಕೆ ನಡುಮಟ್ಟಕ್ಕೆ ಬಂದು ನಿಂತಿತು, ಹಾಗಾಗಿ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲಂಟಿನ ದಾರಿ ತೆರೆದು ಮುಚ್ಚುವ ವಾಲ್ವ್) ತೆರೆದೇ ಉಳಿದಿರುವ ಸಾಧ್ಯತೆಯೂ ಕಡಿಮೆ. ಎಂಜಿನ್ ಕಾದ ಮೇಲೆ ಸೈಲೆನ್ಸರಿನಿಂದ ಬಿಳಿ ಹೊಗೆ ಬರುವುದು ನಿಂತಿತು. ನೆರೆನೀರಿನಲ್ಲಿ ಗಾಡಿ ಇಳಿಸಿದ್ದೂ ಇಲ್ಲ.

ಆಯಿಲ್ ಮಟ್ಟ ಅಳೆಯುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ಕನ್ನು, ಎಳೆದಾಗ ಆಯಿಲ್ ಕಂದು ಬಣ್ಣದ್ದೇ, ಹಾಲು ಬಣ್ಣದ್ದಲ್ಲ. ಆದರೆ ಮಟ್ಟ ಮೇಲಿನ ಗುರುತಿಗಿಂತ ತುಸು ಮೇಲೆ ಇತ್ತು. ಭಾವನ ಮುಖ ಸಣ್ಣದಾಯಿತು.

“ನೋಡು ತಮ್ಮಾ, ಆಯಿಲ್ ಏರಿದೆ ಎಂದರೆ ನೀರು ಸೇರಿದೆ ಎಂದೇ ಅಲ್ಲವೇ?”

“ಮೂಸಿ ನೋಡಿ ಭಾವ” ಎಂದೆ. ಸ್ಪಷ್ಟವಾಗಿ ಪೆಟ್ರೋಲಿನ ವಾಸನೆ. ತಣ್ಣನೆಯ ಎಂಜಿನ್ನಿಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ, ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲಿಗೆ ಸೇರುತ್ತದೆ. ಚಿಕ್ಕ ಓಟಗಳೇ ಆದಾಗ ಅದು ಆವಿಯಾಗುವುದಿಲ್ಲ, ಶೇಖರವಾಗುತ್ತದೆ, ಮಟ್ಟ ಏರುತ್ತದೆ. ಆಯಿಲ್ ತೆಳುವಾಗುತ್ತದೆ. ಆಯಿಲ್ ಕಡಿಮೆಯಾಗಿಲ್ಲ ಎಂದು ಸಮಾಧಾನಪಡುವವರು ಈ ವಾಸನೆಯನ್ನೊಮ್ಮೆ ನೋಡಬೇಕು.

ಮುಂದಿನದು ನಿರ್ಣಾಯಕ ಪರೀಕ್ಷೆ. ಆಯಿಲ್ ನೀರಿಗಿಂತ ಹಗುರ, ಕೂಲಂಟ್ ನೀರಿಗಿಂತಲೂ ಸ್ವಲ್ಪ ಭಾರ. ಗಾಡಿ ರಾತ್ರಿಯೆಲ್ಲ ಅಲುಗದೆ ನಿಂತರೆ, ಆಯಿಲಿನಲ್ಲಿ ಬೆರೆಯದೆ ಉಳಿದ ಕೂಲಂಟ್ ಚೇಂಬರಿನ ತಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡದೆ ಡ್ರೈನ್ ಬೋಲ್ಟನ್ನು ನಿಧಾನಕ್ಕೆ ಸಡಿಲಿಸಿದರೆ ಮೊದಲು ಬರುವುದು ಅದೇ. ಅದಕ್ಕಾಗಿ ಹಿಂದಿನ ಸಂಜೆಯೇ ಕಾರನ್ನು ಎತ್ತರಕ್ಕೆ ಏರಿಸಿಟ್ಟೆವು.

ಎತ್ತರಕ್ಕೆ ಏರಿಸುವ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ನಮ್ಮ ಕಡೆ ಅಂಗಳದ ಮೂಲೆಯಲ್ಲಿ ಚಿರೆಕಲ್ಲು ರಾಶಿ ಇಲ್ಲದ ಮನೆಯಿಲ್ಲ, ಕೈ ಮೊದಲು ಅದರ ಮೇಲೇ ಹೋಗುತ್ತದೆ. ಚಿರೆಕಲ್ಲು ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ, ಮಳೆಯಲ್ಲಿ ನೆನೆದದ್ದಂತೂ ಇನ್ನೂ ಮೆತ್ತಗೆ. ಸಿಮೆಂಟಿನ ಪೊಳ್ಳು ಬ್ಲಾಕುಗಳೂ ಹಾಗೆಯೇ. ಕಾರಿನ ಜೊತೆ ಬರುವ ಜ್ಯಾಕ್ ಚಕ್ರ ಬದಲಿಸಲಿಕ್ಕೆ ಮಾತ್ರ. ಅದೊಂದರ ನಂಬಿಕೆಯಲ್ಲಿ ಕಾರಿನಡಿ ತಲೆ ಹಾಕಬಾರದು. ಅಡಿಕೆ ಒಣಗಿಸುವ ಅಂಗಳಕ್ಕೆ ಒಂದು ಹನಿ ಆಯಿಲೂ ಬೀಳಬಾರದೆಂದು ಅಕ್ಕ ಹೇಳಿದ್ದರಿಂದ ಕೊಟ್ಟಿಗೆಯ ಪಕ್ಕದ ಕಾಂಕ್ರೀಟ್ ನೆಲವನ್ನು ಆರಿಸಿದೆವು. ದಪ್ಪ ಮತ್ತಿ ಹಲಗೆಗಳನ್ನು ಮೆಟ್ಟಿಲಿನಂತೆ ಒಂದರ ಮೇಲೊಂದು ಜೋಡಿಸಿ ಮೊಳೆ ಹೊಡೆದು, ಮುಂದಿನ ಎರಡೂ ಚಕ್ರಗಳನ್ನು ಅವುಗಳ ಮೇಲೆ ಏರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಎರಡೂ ಬದಿ ಮರದ ತುಂಡು ಕೊಟ್ಟೆವು. ಚಕ್ರದ ಅಗಲಕ್ಕಿಂತ ಹಲಗೆ ಅಗಲವಿರಬೇಕು.

ಬೆಳಿಗ್ಗೆ ಬೋಲ್ಟನ್ನು ಪೂರ್ತಿ ತೆಗೆಯದೆ, ಹನಿ ಜಿನುಗುವಷ್ಟು ಮಾತ್ರ ಸಡಿಲಿಸಿ, ಗಾಜಿನ ಬಾಟಲಿಯಲ್ಲಿ ಅರ್ಧ ಲೋಟದಷ್ಟು ಹಿಡಿದೆವು. ಮೊದಲ ಹನಿಯಿಂದಲೇ ಆಯಿಲ್. ನೀರಿಲ್ಲ, ಕೂಲಂಟಿನ ಹಸಿರು ಬಣ್ಣವಿಲ್ಲ. ಬಾಟಲಿಯನ್ನು ಕಿಟಕಿಯ ಬಳಿ ಮಧ್ಯಾಹ್ನದವರೆಗೆ ಇಟ್ಟರೂ ತಳದಲ್ಲಿ ಬೇರೆ ಪದರ ಕಟ್ಟಲಿಲ್ಲ. ಗ್ಯಾಸ್ಕೆಟ್ಟಿನ ಅನುಮಾನ ಇಲ್ಲಿಗೆ ಬಹಳ ದುರ್ಬಲವಾಯಿತು.

ಆದರೆ ಆಯಿಲಿನಲ್ಲಿ ಸಣ್ಣ ಕಣಗಳಾಗಿ ಕಲಸಿಹೋದ ನೀರು ಹೀಗೆ ಬೇರೆಯಾಗುವುದಿಲ್ಲ. ಅದಕ್ಕೆ ಕಾವಲಿಯ ಪರೀಕ್ಷೆ. ಅಕ್ಕ ಬಳಕೆ ಬಿಟ್ಟ ಹಳೆಯ ಕಬ್ಬಿಣದ ಕಾವಲಿ ಕೊಟ್ಟಳು. ಹೊರಗೆ, ಬಯಲಿನಲ್ಲಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಕಾವಲಿಯನ್ನು ಕಾಯಿಸಿ ಒಲೆಯಿಂದ ದೂರ ಇಳಿಸಿದ ಮೇಲೆ ಹೊಸ ಆಯಿಲಿನ ಒಂದು ಹನಿ ಬಿಟ್ಟೆವು. ಸದ್ದಿಲ್ಲದೆ ಹರಡಿತು. ಬಾಟಲಿಯ ಆಯಿಲ್ ಬಿಟ್ಟಾಗ ಚಿಟಪಟ ಎಂದು ಸಣ್ಣಗೆ ಸಿಡಿಯಿತು. ಅಂದರೆ ನೀರಿದೆ, ಆದರೆ ಅಲ್ಪ. ಮುಚ್ಚಳದ ಕೆನೆ, ಏರಿದ ಮಟ್ಟ, ಪೆಟ್ರೋಲಿನ ವಾಸನೆ, ಈ ಸಿಡಿತ: ನಾಲ್ಕೂ ಒಂದೇ ಕಡೆ ಬೆರಳು ತೋರಿದವು. ಎಂಜಿನ್ ಒಡೆದಿಲ್ಲ, ಕಾಯುತ್ತಿಲ್ಲ.

ಇಳಿಸಿದ್ದು, ಹಾಕಿದ್ದು

ಬೋಲ್ಟ್ ಮತ್ತೆ ಬಿಗಿದು, ಹಲಗೆಯಿಂದ ಇಳಿಸಿ, ಬನವಾಸಿ ರಸ್ತೆಯಲ್ಲಿ ಆಯಿಲ್ ಚೆನ್ನಾಗಿ ಬೆಚ್ಚಗಾಗುವಷ್ಟು ಓಡಿಸಿ ಬಂದೆವು. ಬೆಚ್ಚಗಿದ್ದರೆ ಆಯಿಲ್ ಸರಾಗವಾಗಿ ಹರಿದು ತನ್ನೊಡನೆ ಕೊಳೆಯನ್ನೂ ತರುತ್ತದೆ. ತೀರ ಬಿಸಿಯಿದ್ದರೆ ಕೈ ಸುಡುತ್ತದೆ. ಕಾರನ್ನು ಮತ್ತೆ ಹಲಗೆಗೆ ಏರಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗವಸು ಹಾಕಿ ಆಯಿಲ್ ಇಳಿಸಿದೆವು. ಮೇಲಿನ ಮುಚ್ಚಳ ತೆರೆದಿಟ್ಟರೆ ಕೆಳಗೆ ಬೇಗ ಹರಿಯುತ್ತದೆ. ಹನಿ ನಿಲ್ಲುವವರೆಗೆ ಅವಸರ ಮಾಡಲಿಲ್ಲ.

ಫಿಲ್ಟರ್ ತಿರುಗಿಸಿ ಬಿಚ್ಚಿದಾಗ ಭಾವ ಟಾರ್ಚ್ ಹಿಡಿದು ಒಳಗೆ ನೋಡುತ್ತಿದ್ದರು. “ಫಿಲ್ಟರಿನ ರಬ್ಬರ್ ಬಳೆ ಎಲ್ಲಿ?” ಎಂದರು. ಹಳೆಯ ಫಿಲ್ಟರಿನ ಬಾಯಿಯಲ್ಲಿ ಅದು ಇರಲಿಲ್ಲ. ಎಂಜಿನ್ನಿನ ಮೈಗೇ ಅಂಟಿಕೊಂಡು ಅಲ್ಲೇ ಉಳಿದಿತ್ತು. ಮನೆಯಲ್ಲಿ ಆಯಿಲ್ ಬದಲಿಸುವವರು ಬೇರೇನು ಮರೆತರೂ ಇದನ್ನು ಮರೆಯಬಾರದು. ಹಳೆಯ ಬಳೆಯ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಬ್ಬರ್ ಒಂದರ ಮೇಲೊಂದು ಜಾರುತ್ತವೆ. ಚಾಲೂ ಮಾಡಿದಾಗ ಸೋರದೆ ಇರಬಹುದು. ಗಾಡಿ ಓಡುವಾಗ ಒತ್ತಡಕ್ಕೆ ಬಳೆ ಹೊರಗೆ ಚಿಮ್ಮಿ ಕೆಲವೇ ನಿಮಿಷಗಳಲ್ಲಿ ಆಯಿಲೆಲ್ಲ ರಸ್ತೆಗೆ ಚೆಲ್ಲಿ ಎಂಜಿನ್ ಹಿಡಿದುಕೊಳ್ಳುತ್ತದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಹಾಗಾದರೆ ನಿಲ್ಲಿಸಲೂ ಜಾಗವಿರುವುದಿಲ್ಲ. ಬಳೆಯನ್ನು ಉಗುರಿನಿಂದ ಎಬ್ಬಿಸಿ ತೆಗೆದು, ಆ ಮೈಯನ್ನು ಬಟ್ಟೆಯಿಂದ ಒರೆಸಿದೆವು.

ಹೊಸ ಫಿಲ್ಟರಿನ ರಬ್ಬರಿಗೆ ಹೊಸ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ, ರಬ್ಬರ್ ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು. ಬಿಗಿಯಲು ಸ್ಪ್ಯಾನರ್ ಬೇಡ. ಡ್ರೈನ್ ಬೋಲ್ಟಿಗೆ ಹೊಸ ವಾಷರ್. ಚಿಕ್ಕ ಕಾರುಗಳಲ್ಲಿ ಆ ಬೋಲ್ಟಿನ ಬಿಗಿತ ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್, ಕೈಪಿಡಿಯ ಅಂಕಿಯೇ ಅಂತಿಮ. ಚೇಂಬರ್ ಅಲ್ಯೂಮಿನಿಯಂ ಆಗಿದ್ದರೆ ಅತಿಯಾಗಿ ಬಿಗಿದವರು ಬೋಲ್ಟ್ ಕೂರುವ ತೂತಿನ ಸುರುಳಿ ಗೆರೆಗಳನ್ನೇ ಕಿತ್ತು ತರುತ್ತಾರೆ. ಕಾರವಾರ, ಅಂಕೋಲೆಯ ಕಡಲ ಬದಿಯವರಿಗೆ ಇದರ ತದ್ವಿರುದ್ಧ ಕಷ್ಟ: ಉಪ್ಪುಗಾಳಿಗೆ ತಗಡಿನ ಚೇಂಬರೂ ಬೋಲ್ಟೂ ತುಕ್ಕು ಹಿಡಿದು ಕೂತಿರುತ್ತವೆ. ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿಟ್ಟು, ಬೋಲ್ಟಿನ ಮೂಲೆ ಸವೆಯದಂತೆ ರಿಂಗ್ ಸ್ಪ್ಯಾನರಿನಿಂದಲೇ ಬಿಚ್ಚಬೇಕು.

ಯಾವ ಆಯಿಲ್ ಎಂಬ ಬಗ್ಗೆ ಅಂಗಳದಲ್ಲಿ ಚರ್ಚೆಯೇ ಆಯಿತು. ನೆರೆಮನೆಯ ಮಾವ ಬಂದವರು, “ಘಟ್ಟ ಹತ್ತುವ ಗಾಡಿಗೆ 20ಡಬ್ಲ್ಯೂ-50 ಹಾಕಿ, ದಪ್ಪ ಇದ್ದಷ್ಟು ಒಳ್ಳೆಯದು” ಎಂದರು. ಹಳೆಯ ಜೀಪಿನ ಕಾಲಕ್ಕೆ ಆ ಮಾತು ಸರಿಯಾಗಿತ್ತು. ಈಗಿನ ಎಂಜಿನ್ನುಗಳ ಬೇರಿಂಗಿನ ಸಂದು ಕಿರಿದು, ವಾಲ್ವಿನ ಸಮಯ ಬದಲಿಸುವ ಯಂತ್ರಕ್ಕೆ ಆಯಿಲ್ ಹೋಗುವ ದಾರಿ ಇನ್ನೂ ಕಿರಿದು. ದಪ್ಪ ಆಯಿಲ್ ತಣ್ಣನೆಯ ಬೆಳಗಿನಲ್ಲಿ ಅಲ್ಲಿಗೆ ತಡವಾಗಿ ತಲುಪುತ್ತದೆ, ಕಾಯುವುದಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಕಾಯದಿರುವುದೇ ರೋಗವಾದ ಗಾಡಿಗೆ ಅದು ಔಷಧವಲ್ಲ. ಕೈಪಿಡಿ ಹೇಳಿದ, ಅದಕ್ಕಿಂತ ತೆಳುವಾದ 5ಡಬ್ಲ್ಯೂ-30 ಹಾಕಿದೆವು. ಎಂಜಿನ್ ತೊಳೆಯುವ ಫ್ಲಶ್ ದ್ರವವನ್ನು ಅಂಗಡಿಯವರು ಕೊಡಲು ಬಂದರೂ ಬೇಡವೆಂದೆ. ಒಳಗಿನ ಕೊಳೆ ಒಮ್ಮೆಲೇ ಕಳಚಿ ಆಯಿಲ್ ಪಂಪಿನ ಜಾಳಿಗೆ ಹೋಗಿ ಕೂತರೆ ಇದ್ದ ಕಷ್ಟಕ್ಕಿಂತ ದೊಡ್ಡ ಕಷ್ಟ. ಹೊಸ ಆಯಿಲನ್ನೇ ಬೇಗ ಬದಲಿಸಿದರೆ ತೊಳೆಯುವ ಕೆಲಸ ನಿಧಾನವಾಗಿ ತಾನಾಗಿ ಆಗುತ್ತದೆ. ಆಯಿಲ್, ಫಿಲ್ಟರ್, ವಾಷರ್ ಎಲ್ಲ ಸೇರಿ ಖರ್ಚು 2,000 ರೂಪಾಯಿಯೊಳಗೆ ಮುಗಿಯಿತು.

ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಸುರಿದು, ಚಾಲೂ ಮಾಡಿ, ಆಯಿಲಿನ ಕೆಂಪು ದೀಪ ಆರಿದ್ದನ್ನು ನೋಡಿ, ಫಿಲ್ಟರ್ ಮತ್ತು ಬೋಲ್ಟಿನ ಸುತ್ತ ಟಾರ್ಚ್ ಬಿಟ್ಟು, ನಿಲ್ಲಿಸಿ, ಸಮನೆಲಕ್ಕೆ ಇಳಿಸಿ, ಆಯಿಲ್ ಕೆಳಗಿಳಿದ ಮೇಲೆ ಡಿಪ್‌ಸ್ಟಿಕ್ ನೋಡಿ ಉಳಿದದ್ದನ್ನು ಹಾಕಿದೆವು.

ಬಿಚ್ಚಿದ ಫಿಲ್ಟರಿಗೆ ಇನ್ನೊಂದು ಕೆಲಸವಿತ್ತು. ಅದರ ತಗಡನ್ನು ತಗಡು ಕತ್ತರಿಯಿಂದ ಕತ್ತರಿಸಿ ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಹರಡಿದೆವು. ಗರಗಸದಿಂದ ಕೊಯ್ದರೆ ಗರಗಸದ್ದೇ ಕಬ್ಬಿಣದ ಪುಡಿ ಬಿದ್ದು ಸಾಕ್ಷಿ ಕೆಡುತ್ತದೆ. ಕಾಗದದ ಮೇಲೆ ಅಯಸ್ಕಾಂತ ಆಡಿಸಿದಾಗ ಏನೂ ಹತ್ತಲಿಲ್ಲ, ತಾಮ್ರ ಬಣ್ಣದ ಮಿಂಚೂ ಕಾಣಲಿಲ್ಲ. ಬೇರಿಂಗ್ ಇನ್ನೂ ಕ್ಷೇಮ. ಮಡಿಕೆಗಳ ಸಂದಿಯಲ್ಲಿ ಕಂದು ಜಿಡ್ಡು ಮಾತ್ರ ಇತ್ತು, 3,400 ಕಿ.ಮೀ.ಗೆ ಅದು ಹೆಚ್ಚೇ. ಪಿಸಿವಿ ವಾಲ್ವ್ ಬಿಚ್ಚಿ ಅಲುಗಿಸಿದರೆ ಒಳಗಿನ ಗುಂಡು ಸದ್ದು ಮಾಡಬೇಕು. ಬಹಳ ಮಂದವಾಗಿ ಮಾಡಿತು. ಅದರ ರಬ್ಬರ್ ಪೈಪಿನೊಳಗೂ ಅದೇ ಕೆನೆ, ಅರ್ಧ ದಾರಿ ಮುಚ್ಚಿತ್ತು. ಎರಡನ್ನೂ ಸ್ವಚ್ಛ ಮಾಡಿ ಕೂರಿಸಿದೆವು. ಕಾರಣ ಹೀಗೆ ಎರಡಾಯಿತು: ಆಯಿಲ್ ಕಾಯುತ್ತಿರಲಿಲ್ಲ, ಅಷ್ಟಿಷ್ಟು ಎದ್ದ ಆವಿಗೆ ಹೊರಹೋಗುವ ದಾರಿಯೂ ಅರ್ಧ ಕಟ್ಟಿತ್ತು.

ಹಳೆಯ ಆಯಿಲ್ ಎಲ್ಲಿಗೆ

ತಪ್ಪಲೆ ತುಂಬ ಇದ್ದ ಕಪ್ಪು ಆಯಿಲನ್ನು ಭಾವ ಬೇಲಿಯ ಗೂಟಗಳಿಗೆ ಬಳಿಯಲೆಂದು ಎತ್ತಿಡಲು ಹೊರಟರು. ಗೆದ್ದಲು ಹತ್ತುವುದಿಲ್ಲವೆಂದು ನಮ್ಮ ಊರುಗಳಲ್ಲಿ ಎಲ್ಲರೂ ಮಾಡುವುದೇ. ನಾನು ಬಿಡಲಿಲ್ಲ, ಈ ವಿಷಯದಲ್ಲಿ ನನಗೆ ರಾಜಿಯಿಲ್ಲ. ಆ ಆಯಿಲಿನಲ್ಲಿ ಸವೆದ ಲೋಹದ ಕಣಗಳಿವೆ, ಪೆಟ್ರೋಲ್ ಅರೆಬರೆ ಸುಟ್ಟು ಉಳಿದ ವಿಷಗಳಿವೆ. ಮೂರು ತಿಂಗಳು ಬಿಡದೆ ಸುರಿಯುವ ಮಳೆಗೆ ಗೂಟದಿಂದ ಇಳಿದು ತೋಟದ ಕಾಲುವೆ ಸೇರುತ್ತದೆ, ಅಲ್ಲಿಂದ ಹಳ್ಳ, ಹಳ್ಳದಿಂದ ಅಘನಾಶಿನಿ. ಕುಮಟೆಯ ಬಳಿ ಆ ನದಿ ಕಡಲು ಸೇರುವ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸಿ ಬದುಕುವ ಕುಟುಂಬಗಳಿವೆ. 2024ರಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಅದಿರಲಿ, ಬೇಲಿಯಿಂದ ಇಪ್ಪತ್ತು ಹೆಜ್ಜೆಗೆ ಭಾವನದೇ ಕುಡಿಯುವ ನೀರಿನ ಬಾವಿ ಇದೆ.

ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಬರುತ್ತದೆ. 2024ರ ಏಪ್ರಿಲ್ 1ರಿಂದ, ಆಯಿಲ್ ತಯಾರಿಸಿ ಮಾರುವ ಕಂಪನಿಗಳಿಗೇ ಬಳಸಿದ ಆಯಿಲಿನ ಮರುಸಂಸ್ಕರಣೆಯ ಹೊಣೆಯನ್ನೂ ಹಾಕಲಾಗಿದೆ. ಮನೆಯವರಿಗೆ ಸುಲಭದ ದಾರಿಯೆಂದರೆ, ನೋಂದಾಯಿತ ಸಂಸ್ಕರಣೆಗಾರರು ಡ್ರಮ್ ಒಯ್ಯುವ ದೊಡ್ಡ ವರ್ಕ್‌ಶಾಪಿಗೆ ಕೊಡುವುದು. ಹೊಸ ಆಯಿಲ್ ಬಂದ ಡಬ್ಬಿಗೇ ಹಳೆಯದನ್ನು ತುಂಬಿ, ಕತ್ತರಿಸಿದ ಫಿಲ್ಟರನ್ನು ಸೋರಿಸಿ ಅದರ ಜೊತೆಗೆ ಕೊಟ್ಟು ಬಂದೆವು.

ಆಮೇಲೆ

ಆಯಿಲ್ ಬದಲಾದ ಮರುದಿನ ಭಾವ ರಾಗಿಹೊಸಳ್ಳಿ, ದೇವಿಮನೆ ಘಟ್ಟ, ಕತಗಾಲದ ಮೇಲೆ ಕುಮಟೆಗೆ ಹೋಗಿ ಬಂದರು. ಏರುವಾಗ ಎಂಜಿನ್ನಿಗೆ ಬೇಕಾದಷ್ಟು ದುಡಿಮೆ ಸಿಕ್ಕಿತು. ಸಂಜೆ ಮುಚ್ಚಳ ತೆರೆದಾಗ ಒಳಮೈಯಲ್ಲಿ ಒದ್ದೆ ಆಯಿಲ್ ಮಾತ್ರ. ಆದರೆ ಚಿಕ್ಕ ಓಟಗಳಷ್ಟೇ ಇದ್ದ ಮುಂದಿನ ವಾರದ ಕೊನೆಗೆ ತೆಳ್ಳನೆಯ ಬಿಳಿ ಪೊರೆ ಮತ್ತೆ ಕಾಣಿಸಿತು. ಇದು ನನಗೆ ಬೇಸರ ತರಲಿಲ್ಲ. ಕಾರಣ ಗುರುತಿಸಿದ್ದು ಸರಿಯೆಂದು ಇನ್ನಷ್ಟು ಖಾತ್ರಿಯಾಯಿತು. ಗ್ಯಾಸ್ಕೆಟ್ ಒಡೆದಿದ್ದರೆ ಉದ್ದ ಓಟದಲ್ಲಿ ಕೆನೆ ಹೆಚ್ಚಬೇಕಿತ್ತು, ಮಾಯವಾಗುತ್ತಿರಲಿಲ್ಲ. ಅದೇ ಮಾದರಿಯ ಕಾರು ಕಾರವಾರದಲ್ಲಿರುವ ನೆಂಟರಲ್ಲೂ ಇದೆ. ದಿನವೂ ಹೆದ್ದಾರಿ 66ರಲ್ಲಿ ಅಂಕೋಲೆಗೆ ಕೆಲಸಕ್ಕೆ ಹೋಗಿಬರುತ್ತಾರೆ. ಅದೇ ಮಳೆಗಾಲ, ನಮ್ಮದಕ್ಕಿಂತ ಎಷ್ಟೋ ಹೆಚ್ಚು ಕಿಲೋಮೀಟರ್, ಮುಚ್ಚಳ ಮಾತ್ರ ಸ್ವಚ್ಛ. ಆಯಿಲ್ ಹಳತಾಗುವುದನ್ನು ಬರೀ ಕಿಲೋಮೀಟರಿನಿಂದ ಅಳೆಯಬಾರದು ಎಂಬುದಕ್ಕೆ ಭಾವನಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಾಗಲಿಲ್ಲ.

ಮನೆಯಲ್ಲಿ ಬದಲಾದದ್ದು ಕೆಲವೇ ಅಭ್ಯಾಸಗಳು. ಡೇರಿ, ಶಾಲೆ, ಸೊಸೈಟಿ ಮೂರನ್ನೂ ಆದಷ್ಟು ಒಂದೇ ಓಟಕ್ಕೆ ಸೇರಿಸುತ್ತಾರೆ. ವಾರಕ್ಕೊಮ್ಮೆ ಬನವಾಸಿಯವರೆಗೋ ಘಟ್ಟದ ಕಡೆಗೋ ಉದ್ದದ ಓಟವಿದೆ. ಬೆಳಿಗ್ಗೆ ಅಂಗಳದಲ್ಲಿ ಹತ್ತು ನಿಮಿಷ ಚಾಲೂ ಮಾಡಿಡುತ್ತಿದ್ದ ಪದ್ಧತಿಯನ್ನು ನಿಲ್ಲಿಸಿದರು. ಭಾರವಿಲ್ಲದೆ ನಿಂತು ಓಡುವ ಎಂಜಿನ್ ಆಯಿಲನ್ನು ಕಾಯಿಸುವುದಿಲ್ಲ, ಪೆಟ್ರೋಲನ್ನೂ ನೀರನ್ನೂ ಇನ್ನಷ್ಟು ಸೇರಿಸುತ್ತದೆ. ಆಯಿಲ್ ಬದಲಾವಣೆಯ ಅವಧಿ ಈಗ 5,000 ಕಿ.ಮೀ. ಅಥವಾ ಆರು ತಿಂಗಳು. ತೀವ್ರ ಬಳಕೆಗೆ ಕೈಪಿಡಿಗಳು ಅವಧಿಯನ್ನು ಕಡಿಮೆ ಮಾಡಲು ಹೇಳುವುದು ಇಂಥ ಚಿಕ್ಕ ಓಟಗಳನ್ನೂ ಸೇರಿಸಿಕೊಂಡೇ.

ತೊಳೆಯುವ ಉದ್ದೇಶದ ಆ ಆಯಿಲನ್ನು ದೀಪಾವಳಿಯ ಸುಮಾರಿಗೆ ಇಳಿಸಿದೆವು. ಕಾವಲಿಯ ಮೇಲೆ ಸದ್ದು ಮಾಡಲಿಲ್ಲ. ಮಟ್ಟ ಏರಿರಲಿಲ್ಲ, ಫಿಲ್ಟರಿನ ಮಡಿಕೆಗಳಲ್ಲಿ ಜಿಡ್ಡು ಬಹಳ ಕಡಿಮೆಯಿತ್ತು. ಕೂಲಂಟ್ ಡಬ್ಬಿಯ ಮಾರ್ಕರ್ ಗೀಟು ಹಾಗೆಯೇ ಇದೆ, ಮಟ್ಟವೂ ಅಲ್ಲೇ ಇದೆ. ಕೂಲಂಟ್ ಇಳಿದಿದ್ದರೆ, ಬಾಟಲಿಯ ತಳದಲ್ಲಿ ಹಸಿರು ಪದರ ಕಂಡಿದ್ದರೆ, ಅಥವಾ ಡಿಪ್‌ಸ್ಟಿಕ್ಕಿನ ಆಯಿಲೇ ಹಾಲಾಗಿದ್ದರೆ ನಾನೇ ಮುಂದೆ ನಿಂತು ಎಂಜಿನ್ ಬಿಚ್ಚಿಸುತ್ತಿದ್ದೆ, ಗಾಡಿಯನ್ನು ಓಡಿಸಿಕೊಂಡು ಹೋಗದೆ ಎಳೆಸಿಕೊಂಡು ಹೋಗಲು ಹೇಳುತ್ತಿದ್ದೆ. ಪಿಸಿವಿ ವಾಲ್ವನ್ನು ಮುಂದಿನ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಹೊಸದಾಗಿ ಹಾಕುವುದೆಂದು ಭಾವ ಬಾನೆಟ್ಟಿನ ಒಳಗೆ ಅಂಟಿಸಿದ ಚೀಟಿಯಲ್ಲಿ ಬರೆದಿಟ್ಟಿದ್ದಾರೆ.